ಒಂದೇ ಹೆಸರಿನ ಎರಡು ಲೆಕ್ಕ

ಆ ದಿನ ಮಳೆ ಇರಲಿಲ್ಲ. ಮಿಕ್ಕದ್ದೆಲ್ಲ ನನ್ನ ನೆನಪಿನಲ್ಲಿ ಜಾಗ ಬದಲಿಸುತ್ತಿರುತ್ತದೆ. ಇದೊಂದು ಮಾತ್ರ ನಿಂತಲ್ಲೇ ನಿಂತಿದೆ. ಚಿಕ್ಕೋಡಿಯಲ್ಲಿ ಬಿಸಿಲು ಬಿದ್ದಿತ್ತು. ಆಫೀಸಿನ ಕಿಟಕಿಯಾಚೆ ಎದುರುಮನೆಯ ಮಾಳಿಗೆಯ ಮೇಲೆ ಯಾರೋ ಕೌದಿ ಒಣಹಾಕಿದ್ದರು. ಕೌದಿ ಕೆಂಪಗಿತ್ತು ಎಂದು ಮೊದಲು ಬರೆದೆ, ಆಮೇಲೆ ಹೊಡೆದುಹಾಕಿದೆ. ಬಣ್ಣ ನೆನಪಿಲ್ಲ. ಕೌದಿಯೇ ಬೇರೆ ಯಾವುದೋ ದಿನದ್ದಿರಬಹುದು. ಆದರೆ ಬಿಸಿಲು ಆ ದಿನದ್ದೇ. ನಮ್ಮ ಕಡೆ ಹೊಳೆ ಬರುವುದು ಹೀಗೆಯೇ. ಮಳೆ ಬೀಳುವುದು ಮೇಲೆ, ಮಹಾರಾಷ್ಟ್ರದ ಘಟ್ಟದಲ್ಲಿ. ನೀರು ಬರುವುದು ನಮ್ಮಲ್ಲಿಗೆ, ಒಣ ಬಿಸಿಲಿನಲ್ಲಿ, ಸಪ್ಪಳವಿಲ್ಲದೆ.

ಆ ಬಿಸಿಲಿನಲ್ಲಿ ನನ್ನ ಅಣ್ಣ ಕಾಗವಾಡ ತಾಲೂಕಿನ ಹೊಳೆದಂಡೆಯ ಜಾಕ್‌ವೆಲ್ಲಿನೊಳಗೆ ಇಳಿದಿದ್ದ. ಜಾಕ್‌ವೆಲ್ ಎಂದರೆ ದಂಡೆಯ ಮೇಲೆ ಕಟ್ಟಿದ ದುಂಡನೆಯ ಕಾಂಕ್ರೀಟ್ ಬಾವಿ. ಹೊಳೆಯ ನೀರು ತಳದ ಕೊಳವೆಯಿಂದ ಅದರೊಳಗೆ ಬರುತ್ತದೆ, ಒಳಗಿನ ಕಟ್ಟೆಯ ಮೇಲೆ ಕೂತ ಮೋಟರು ಅದನ್ನು ಶೇಡಬಾಳದ ಕಡೆಯ ಹೊಲಗಳಿಗೆ ಎತ್ತುತ್ತದೆ. ಹೊಳೆ ಏರುವ ಮೊದಲು ಮೋಟರನ್ನು ಬಿಚ್ಚಿ, ಸರಪಳಿ ರಾಟೆಯಿಂದ ಮೇಲೆ ಎಳೆದುಕೊಳ್ಳಬೇಕು. ಅದು ಅಣ್ಣನ ಕೆಲಸ. ಬಿಚ್ಚುವವನು ಒಳಗೇ ಇರಬೇಕು. ಹೊರಗೆ ಬರಲು ಗೋಡೆಗೆ ಅಂಟಿದ ಕಬ್ಬಿಣದ ನಿಚ್ಚಣಿಕೆಯೊಂದೇ ದಾರಿ. ನೀರು ತಲೆಯ ಮೇಲಿನಿಂದ ಬರುವುದಿಲ್ಲ, ಕಾಲಕೆಳಗಿನಿಂದ ಬರುತ್ತದೆ. ಒಳಗೆ ಫೋನು ಸಿಗುವುದಿಲ್ಲ.

ಹೊಳೆ ಯಾವಾಗ ಏರುತ್ತದೆ ಎಂದು ಅವನಿಗೆ ಹೇಳುತ್ತಿದ್ದುದು ನಮ್ಮ ಆಫೀಸು. ಅಲ್ಲಿ ನಾನು ಕೆಲಸ ಮಾಡುತ್ತಿದ್ದೆ. ಈಗಲೂ ಅಲ್ಲಿಯೇ ಇದ್ದೇನೆ.

ಅದು ಏತ ನೀರಾವರಿ ಸಂಘಗಳ ಒಂದು ಒಕ್ಕೂಟ. ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ, ಈ ತಾಲೂಕುಗಳ ದಂಡೆಗುಂಟ ಇರುವ ಯಂತ್ರಗಳು ನೀರಿನ ಮಟ್ಟವನ್ನೂ ಮೋಟರು ಓಡಿದ ಹೊತ್ತನ್ನೂ ನಮಗೆ ಕಳಿಸುತ್ತವೆ. ಎಲ್ಲ ಬಂದು ಒಂದು ದೊಡ್ಡ ಡೇಟಾಬೇಸಿನಲ್ಲಿ ಕೂಡುತ್ತದೆ. ಕಂಪ್ಯೂಟರಿನವರ ಭಾಷೆಯಲ್ಲಿ ಅದು ಡೇಟಾ ವೇರ್‌ಹೌಸ್. ನಮ್ಮ ಮೇಡಮ್ ನಿಪ್ಪಾಣಿಯವರು, ತಂಬಾಕಿನ ವಖಾರಗಳ ಓಣಿಯಲ್ಲಿ ಬೆಳೆದವರು. ಅವರು ಅದನ್ನು ವಖಾರ ಅಂದರು, ನಾವೂ ವಖಾರ ಅಂದೆವು. ಮೊದಮೊದಲು ಆ ಪದ ಕೇಳಿದಾಗಲೆಲ್ಲ ನನಗೆ ತಂಬಾಕಿನ ಘಾಟು ಮೂಗಿಗೆ ಬಡಿಯುತ್ತಿತ್ತು. ಇದೂ ನಿಜವೋ, ಈಗ ಬರೆಯುವಾಗ ಹುಟ್ಟಿದ್ದೋ, ಹೇಳಲಾರೆ.

ವಖಾರದೊಳಗೆ ಕೆಲಸ ಮಾಡುವವು ಪ್ರೊಸೀಜರುಗಳು. ಒಂದು ಕೆಲಸವನ್ನು ಹೇಗೆ ಮಾಡಬೇಕೆಂದು ಸಾಲುಸಾಲಾಗಿ ಬರೆದು, ಅದಕ್ಕೊಂದು ಹೆಸರು ಕೊಟ್ಟು, ಡೇಟಾಬೇಸಿನೊಳಗೇ ಇಟ್ಟುಬಿಡುತ್ತೇವೆ. ಆಮೇಲೆ ಸಾಲುಗಳನ್ನು ಯಾರೂ ನೋಡುವುದಿಲ್ಲ. ಹೆಸರು ಹಿಡಿದು ಕರೆದರೆ ಸಾಕು, ಕೆಲಸ ಮಾಡಿ ಉತ್ತರ ತಂದುಕೊಡುತ್ತದೆ. ನನ್ನ ಹೆದರಿಕೆ ಇರುವುದು ಇಲ್ಲಿಯೇ. ಹೆಸರಿನ ಹಿಂದೆ ಏನಿದೆ ಎಂದು ದಿನಾ ತೆರೆದು ನೋಡುವುದಾದರೆ ಹೆಸರು ಯಾಕೆ ಬೇಕು? ನೋಡದಿದ್ದರೆ, ಬಂದವರು ಯಾರೆಂದು ಹೇಗೆ ಗೊತ್ತಾಗಬೇಕು?

ಮೇಡಮ್ ಬರುವ ಮೊದಲು ಹೆಸರುಗಳಿಗೆ ನಿಯಮವೇ ಇರಲಿಲ್ಲ. 'ಹೊಸದು', 'ಇನ್ನೂಹೊಸದು', 'ಕೊನೆಯದು', 'ಖರೇಕೊನೆಯದು', 'ಮುಟ್ಟಬ್ಯಾಡ್ರಿ'. ಮುಟ್ಟಬ್ಯಾಡ್ರಿ ಏನು ಮಾಡುತ್ತದೆಂದು ಯಾರಿಗೂ ತಿಳಿದಿರಲಿಲ್ಲ, ಯಾರೂ ಮುಟ್ಟಲೂ ಇಲ್ಲ. ನಮ್ಮ ಜೊತೆ ಕೆಲಸ ಮಾಡುವ ಕರೋಶಿಯವನೊಬ್ಬನಿದ್ದಾನೆ, ಮನೆಯಲ್ಲಿ ಹೈನ ಮಾಡುವವನು. ಅವನು ತನ್ನದೊಂದು ಪ್ರೊಸೀಜರಿಗೆ ಎಮ್ಮೆಯ ಹೆಸರಿಟ್ಟಿದ್ದ. ಹೊತ್ತಿಗೆ ಸರಿಯಾಗಿ ಕೊಡುತ್ತದೆ, ಒದೆಯುವುದಿಲ್ಲ ಎಂದು ಅದಕ್ಕೆ ಕಾರಣವನ್ನೂ ಹೇಳುತ್ತಿದ್ದ.

ಮೇಡಮ್ ಬಂದು ಇದನ್ನೆಲ್ಲ ಹಸನು ಮಾಡಿದರು. ಮೊದಲು ತಾಲೂಕು, ಆಮೇಲೆ ವಸ್ತು, ಕೊನೆಗೆ ಕೆಲಸ. ಇಂಗ್ಲಿಷ್ ಅಕ್ಷರ, ನಮ್ಮ ಪದ. ಕಾಗವಾಡ_ಮಟ್ಟ_ಲೆಕ್ಕ. ನಿಪ್ಪಾಣಿ_ಮೋಟರ್_ತುಂಬು. ಯಾರು ಓದಿದರೂ ತಿಳಿಯಬೇಕು. ಇಷ್ಟರವರೆಗೆ ಯಾವ ಊರಿನ ಆಫೀಸಿನಲ್ಲಾದರೂ ನಡೆಯುವಂಥದ್ದೇ. ಅವರು ತಂದ ಇನ್ನೊಂದು ನಿಯಮ ಮಾತ್ರ ನಮ್ಮ ಮನೆಗಳಿಂದ ಬಂದದ್ದು. ಹಳೆಯ ಪ್ರೊಸೀಜರು ನಿವೃತ್ತಿಯಾದರೆ ಅದರ ಜಾಗಕ್ಕೆ ಬರುವ ಹೊಸದಕ್ಕೆ ಅದೇ ಹೆಸರು. ಅಜ್ಜನ ಹೆಸರು ಮೊಮ್ಮಗನಿಗೆ. ಹೆಸರು ಬದಲಾಗದಿದ್ದರೆ, ಆ ಹೆಸರು ಹಿಡಿದು ಕರೆಯುತ್ತಿದ್ದವರು ಯಾರೂ ತಮ್ಮ ಸಾಲು ತಿದ್ದಬೇಕಾಗಿಲ್ಲ. ಮನೆತನ ನಡೆದುಕೊಂಡು ಹೋಗುತ್ತದೆ. ಹಳೆಯದನ್ನು ಅಳಿಸುವುದೂ ಇಲ್ಲ. ಡೇಟಾಬೇಸಿನಲ್ಲಿ ಬೇರೆ ಒಂದು ಕೋಣೆ ಮಾಡಿ, ಅದನ್ನು 'ಹಿರಿಯರು' ಎಂದು ಕರೆದು, ಅಲ್ಲಿ ಕೂಡಿಸುವುದು.

ಹೊಸದಕ್ಕೆ ಹೆಸರಿಡುವ ದಿನ ಆಫೀಸಿನಲ್ಲಿ ಪೇಢೆ ಬರುತ್ತಿತ್ತು. ಮೇಡಮ್ ಸೋದರತ್ತೆಯ ಹಾಗೆ ಮಾನಿಟರಿನ ಕಿವಿ ಎಲ್ಲಿದೆಯೆಂದು ಹುಡುಕಿ, ಬಾಗಿ, ಕುರ್ರ್ ಎನ್ನುತ್ತಿದ್ದರು. ನಾವು ಹೆಂಗಸರು, ಮನೆಯಲ್ಲಿ ತೊಟ್ಟಿಲ ಮುಂದೆ ಮಾಡುವಂತೆಯೇ, ಅವರ ಬೆನ್ನಿಗೆ ಮೆಲ್ಲಗೆ ಗುದ್ದುತ್ತಿದ್ದೆವು.

ಕಾಗವಾಡದ ಮಟ್ಟದ ಲೆಕ್ಕಕ್ಕೆ ಹೊಸದು ಬರೆದಾಗಲೂ ಹಾಗೆಯೇ ಆಯಿತು. ಹಳೆಯದು ಕೃಷ್ಣೆಯೊಂದನ್ನೇ ನೋಡುತ್ತಿತ್ತು. ಹೊಸದು ದೂಧಗಂಗೆಯನ್ನೂ ಸೇರಿಸಿಕೊಳ್ಳುತ್ತಿತ್ತು. ಕೊಗನೊಳ್ಳಿಯ ಹತ್ತಿರ ಆ ಹೊಳೆ ಎಷ್ಟು ಏರಿದೆ, ಅದು ಕೃಷ್ಣೆಗೆ ಬಂದು ಕೂಡಿದ ಮೇಲೆ ಕೆಳಗಿನ ದಂಡೆಗೆ ಏನಾಗುತ್ತದೆ ಎಂದು ಹೇಳುತ್ತಿತ್ತು. ಆದರೆ ಕಾಗವಾಡದ ಯಂತ್ರಗಳನ್ನು ಇನ್ನೂ ಬದಲಿಸಿರಲಿಲ್ಲ. ಅಲ್ಲಿಯವರಿಗೆ ಮೆಸೇಜು ಕಳಿಸುವ ಕೆಲಸ ಹಳೆಯ ದಾರಿಯಲ್ಲೇ ನಡೆದಿತ್ತು. ಅಂದರೆ ಹಿರಿಯರ ಕೋಣೆಗೆ ಹೋಗಿದ್ದರೂ ಹಳೆಯ ಪ್ರೊಸೀಜರು ಇನ್ನೂ ದುಡಿಯುತ್ತಿತ್ತು.

ನಮ್ಮ ಮನೆಗಳಲ್ಲಿ ಬದುಕಿರುವ ಅಜ್ಜನ ಹೆಸರನ್ನು ಕೂಸಿಗೆ ಇಡುವುದಿಲ್ಲ. ಕರೋಶಿಯವನು ಅವತ್ತು ಅದನ್ನೇ ಹೇಳಿದ, ಪೇಢೆ ತಿನ್ನುತ್ತ.

"ಮೇಡಮ್ಮಾರ, ಮುದುಕ ಇನ್ನೂ ಕಟ್ಟಿಮ್ಯಾಲ ಕುಂತಾನ್ರಿ. ನೀವು ತೊಟ್ಟಿಲಾ ಕಟ್ಟಾಕತ್ತೀರಿ."

"ಎಷ್ಟ ದಿನಾ ಕುಂದರ್ತಾನ? ಹೊಸಾ ಮಶೀನ ಬಂದ್ವಂದ್ರ ತಾನ ಏಳ್ತಾನ," ಎಂದರು ಮೇಡಮ್.

ಎಲ್ಲರೂ ನಕ್ಕರು. ನಾನೂ ನಕ್ಕೆ ಎಂದು ಅವನು ಹೇಳುತ್ತಾನೆ. ನನ್ನ ನೆನಪಿನಲ್ಲಿ ನಾನು ಆ ಕೋಣೆಯಲ್ಲೇ ಇಲ್ಲ.

ಇನ್ನು ಆ ದಿನ.

ಬೆಳಿಗ್ಗೆ ಚಹಾ ಕುಡಿದು ಬಂದು ಮೊದಲು ಕಾಗವಾಡದ ಲೆಕ್ಕವನ್ನು ಓಡಿಸಿ ನೋಡುವುದು ನನ್ನ ರೂಢಿ. ಅಣ್ಣನ ದಂಡೆ ಅದು. ಯಾರೂ ಹೇಳಿದ ಕೆಲಸವಲ್ಲ. ಮನೆಯಿಂದ ಹೊರಡುವಾಗ ದೇವರ ಮುಂದೆ ಕೈಮುಗಿದಂತೆ. ಹೆಸರು ಬರೆದೆ, ಓಡಿಸಿದೆ. ಉತ್ತರ ಬಂತು: ನೀರು ಮೋಟರ್ ಕಟ್ಟೆಗೆ ಇಂದು ಮಧ್ಯಾಹ್ನ.

ಹೆದರಿದೆ, ಆದರೆ ಅದು ತಿಳಿದ ಹೆದರಿಕೆ. ಅಣ್ಣನಿಗೂ ಇದೇ ಮೆಸೇಜು ಹೋಗಿರುತ್ತದೆ, ಅವನು ಇಳಿಯುವುದಿಲ್ಲ, ಮೋಟರು ಹೋದರೆ ಹೋಗಲಿ ಅಂದುಕೊಂಡೆ. ಹೋಗಿದೆಯೋ ಇಲ್ಲವೋ ಎಂದು ಕಳಿಸಿದ ಮೆಸೇಜುಗಳನ್ನು ತೆರೆದೆ. ಹೋಗಿತ್ತು. ಬೆಳಿಗ್ಗೆಯೇ ಹೋಗಿತ್ತು. ಅದರಲ್ಲಿ ಇದ್ದದ್ದು: ನೀರು ಮೋಟರ್ ಕಟ್ಟೆಗೆ ನಾಳೆ ಸಂಜೆ.

ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ನೋಡಿದೆ. ಕೇಳಿದ ಹೆಸರು ಒಂದೇ. ಅಕ್ಷರ ಅಕ್ಷರ ಒಂದೇ. ತಿಳಿಯದ ಹೆದರಿಕೆ ಆಗ ಶುರುವಾಯಿತು.

ಕರೋಶಿಯವನನ್ನು ಕರೆದೆ. ಅವನು ಬಗ್ಗಿ ನೋಡಿದ. ನಮ್ಮ ಲಾಗಿನ್‌ನಿಂದ ಓಡಿಸಿದ, ಇಂದು ಮಧ್ಯಾಹ್ನ ಎಂದಿತು. ಮೆಸೇಜು ಕಳಿಸುವ ಹಳೆಯ ಲಾಗಿನ್‌ನಿಂದ ಅದೇ ಹೆಸರನ್ನು ಓಡಿಸಿದ, ನಾಳೆ ಸಂಜೆ ಎಂದಿತು. ಕರೆದವರು ಯಾರು ಎಂಬುದರ ಮೇಲೆ ಬರುವವರು ಬೇರೆಯಾಗುತ್ತಿದ್ದರು. ಹಳೆಯ ಲಾಗಿನ್ ಕರೆದರೆ ಹಿರಿಯರ ಕೋಣೆಯಿಂದ ಅಜ್ಜ ಎದ್ದು ಬರುತ್ತಿದ್ದ, ನಾವು ಕರೆದರೆ ಮೊಮ್ಮಗ. ಅವನು ತಮಾಷೆ ಮಾಡಲಿಲ್ಲ. ಅವನು ತಮಾಷೆ ಮಾಡದೆ ಇದ್ದದ್ದೇ ನನ್ನನ್ನು ಇನ್ನಷ್ಟು ಹೆದರಿಸಿತು.

"ಇಬ್ರೂ ಜೀವಂತ ಅದಾರ ಬೇ," ಎಂದ ಮೆಲ್ಲಗೆ. "ನಿಮ್ಮಣ್ಣಗ ಫೋನ್ ಹಚ್ಚು ಮೊದಲ."

ಹಚ್ಚಿದೆ. ಸಂಪರ್ಕದಲ್ಲಿಲ್ಲ ಎಂಬ ಹೆಣ್ಣುದನಿ ಬಂತು, ಮೊದಲು ಕನ್ನಡದಲ್ಲಿ, ಮತ್ತೆ ಹಚ್ಚಿದರೆ ಮರಾಠಿಯಲ್ಲಿ. ದಂಡೆಯ ಫೋನುಗಳು ಆ ಕಡೆಯ ಟವರು ಹಿಡಿದರೆ ಹಾಗೆ. ಅಂದರೆ ಅವನು ಒಳಗಿದ್ದಾನೆ. ಅಂದರೆ ನಾಳೆ ಸಂಜೆಯವರೆಗೆ ಹೊತ್ತಿದೆಯೆಂದು ನಂಬಿ, ಅವಸರವಿಲ್ಲದೆ, ಒಂದೊಂದೇ ಬೋಲ್ಟು ಬಿಚ್ಚುತ್ತಿದ್ದಾನೆ.

ಮೇಡಮ್ ತಮ್ಮ ಕುರ್ಚಿಯಿಂದ ಎದ್ದು ಬಂದರು. ಅವರ ಮುಖ ಹೇಗಿತ್ತೆಂದು ಬರೆಯಲು ಹೋದರೆ ಒಂದೊಂದು ಸಲ ಒಂದೊಂದು ಮುಖ ಬರುತ್ತದೆ, ಆದ್ದರಿಂದ ಬಿಡುತ್ತೇನೆ. ಕೇಳಿದ್ದು ಮಾತ್ರ ಗೊತ್ತಿದೆ. ಯಾವುದು ಖರೆ ಎಂದು ಕೇಳಿದರು. ಈ ಹೊಸ ಬಗೆಯ ಲೆಕ್ಕವನ್ನು ನಿಪ್ಪಾಣಿ, ಚಿಕ್ಕೋಡಿಯಲ್ಲಿ ನೋಡಿದ್ದೆವು. ಕಾಗವಾಡದ ದಂಡೆಯಲ್ಲಿ ಅದು ಒಂದು ಮಳೆಗಾಲವನ್ನೂ ಕಂಡಿರಲಿಲ್ಲ. ಹಳೆಯದು ವರ್ಷಗಟ್ಟಲೆ ಸರಿಯಾಗಿಯೇ ಹೇಳಿತ್ತು. ಹಿಂದೊಮ್ಮೆ ಸುಳ್ಳು ಎಚ್ಚರಿಕೆ ಹೋಗಿ, ಅಥಣಿ ಕಡೆಯ ಪಂಪಿನವರು ಮೋಟರು ಎತ್ತಿ ಕೂತು, ನೀರು ಬಾರದೆ, ಆಫೀಸಿಗೆ ಬಂದು ನಮ್ಮ ಮನೆತನವನ್ನೆಲ್ಲ ತೆಗೆದು ಬೈದು ಹೋಗಿದ್ದರು. ಅದಾದ ಮೇಲೆ ಅವರು ಎಷ್ಟೋ ಮೆಸೇಜುಗಳನ್ನು ನಂಬಿರಲಿಲ್ಲ. ಎಚ್ಚರಿಕೆ ಸುಳ್ಳಾದರೆ ಮುಂದಿನ ಎಚ್ಚರಿಕೆ ಸಾಯುತ್ತದೆ.

"ಹೊಸಾದು ಇನ್ನೂ ಹೊಳಿನ ನೋಡಿಲ್ಲ," ಎಂದರು ಮೇಡಮ್. "ನಾ ಏನಂತ ಹೇಳ್ಲಿ?"

ಹಾಗೆ ಹೇಳುತ್ತಲೇ ಕೊಗನೊಳ್ಳಿಯ ಮಟ್ಟ ತೆಗೆದರು. ದೂಧಗಂಗೆ ನಸುಕಿನಿಂದ ಏರುತ್ತಿತ್ತು. ಗೆರೆ ನೇರ ಮೇಲಕ್ಕೆ ಹೋಗಿತ್ತು. ಅವರು ನೋಡಿದರು, ಕುಳಿತು ಕಾಗವಾಡದ ದಂಡೆಯ ನಂಬರುಗಳಿಗೆ ಕೈಯಿಂದಲೇ ಮೆಸೇಜು ಬರೆಯತೊಡಗಿದರು. ಕರೋಶಿಯವನು ಒಬ್ಬೊಬ್ಬರಿಗೇ ಫೋನು ಹಚ್ಚತೊಡಗಿದ. ನಾನು ವೈನಿಗೆ, ಅಂದರೆ ಅಣ್ಣನ ಹೆಂಡತಿಗೆ, ಹಚ್ಚಿದೆ.

ವೈನಿ ಕೊಟ್ಟಿಗೆಯಲ್ಲಿದ್ದರು. ಬೆಳಿಗ್ಗೆಯೇ ಬುತ್ತಿ ಕಟ್ಟಿಸಿಕೊಂಡು ಹೋಗಿದ್ದಾನೆ ಎಂದರು. ನೀರು ನಾಳೆ ಬರುತ್ತದಂತಲ್ಲ ಎಂದರು. ನಾನು ಏನು ಹೇಳಿದೆನೋ, ಅವರು ಅರ್ಧಕ್ಕೇ ಓಡತೊಡಗಿದರು. ಫೋನು ಬಂದ್ ಮಾಡಲಿಲ್ಲ. ಕಬ್ಬಿನ ನಡುವಿನ ಕಾಲುದಾರಿ, ಗರಿ ಸವರುವ ಸಪ್ಪಳ, ಕಾಲಲ್ಲಿ ಚಪ್ಪಲಿ, ಆಮೇಲೆ ಚಪ್ಪಲಿ ಇಲ್ಲ. ಉಸಿರು. ಚಿಕ್ಕೋಡಿಯ ಕುರ್ಚಿಯಲ್ಲಿ ಕೂತು ನಾನು ಇನ್ನೊಬ್ಬರ ಉಸಿರನ್ನು ಕೇಳುತ್ತಿದ್ದೆ, ಅದು ನಿಂತರೆ ಏನರ್ಥ ಎಂದು ಯೋಚಿಸುತ್ತಿದ್ದೆ.

ಮುಂದಿನದನ್ನು ನಾನು ನೋಡಿಲ್ಲ. ಆದರೂ ನೆನಪಿನಲ್ಲಿ ಬಾವಿಯ ಬಾಯಿಂದ ಕೆಳಗೆ ನೋಡುತ್ತಿರುತ್ತೇನೆ: ಅಣ್ಣನ ನಡುನೆತ್ತಿ, ಬೋಲ್ಟು ಬಿಚ್ಚುವ ಪಾನದ ಮಿನುಗು, ಅವನ ಕಾಲ ಸುತ್ತ ಕಪ್ಪು ನೀರು. ಈ ಚಿತ್ರವನ್ನು ನಂಬಬೇಡಿ. ನಾನೂ ನಂಬುವುದಿಲ್ಲ. ಕಿವಿಗೆ ಬಿದ್ದದ್ದಷ್ಟೇ ನನ್ನದು.

ವೈನಿ ಬಾಯಿಕಟ್ಟೆ ಹಿಡಿದು ಕೂಗಿದರು. ಕೆಳಗಿನಿಂದ ಅಣ್ಣನ ದನಿ ಗೋಡೆಗೆ ಬಡಿದು ದುಂಡಗಾಗಿ ಬಂತು. ಕೆಲಸ ಅರ್ಧ ಆಗಿದೆ, ಈಗ ಬಿಟ್ಟರೆ ಮೋಟರು ಓರೆ ಬಿದ್ದು ಸಿಕ್ಕಿಕೊಳ್ಳುತ್ತದೆ ಎಂದ. ನಿಮ್ಮ ತಂಗಿ ಫೋನಿನಲ್ಲಿದ್ದಾಳೆ, ಮೆಸೇಜು ತಪ್ಪಂತೆ ಎಂದು ವೈನಿ ಹೇಳಿದರು. ಅವನು ನಕ್ಕ. ನಕ್ಕದ್ದನ್ನು ಕೇಳಿದ್ದೇನೆ.

"ಮೆಸೇಜೂ ಅಕೀ ಆಫೀಸಿಂದ. ಈಗ ತಪ್ಪ ಐತಿ ಅನ್ನೂದೂ ಅಕೀನ. ಯಾವಾಕೀ ಮಾತ ಕೇಳಲಿ? ಖಾತ್ರಿ ಐತೇನು ಕೇಳು."

ವೈನಿ ಫೋನಿನ ಹತ್ತಿರ ಬಾಯಿ ತಂದರು. "ಖಾತ್ರಿ ಐತೇನು ಅಂತ ಕೇಳಾಕತ್ತಾರ."

ಇಲ್ಲಿ ನನ್ನ ಹತ್ತಿರ ಮೂರು ನೆನಪುಗಳಿವೆ. ಒಂದರಲ್ಲಿ, ಖಾತ್ರಿ ಐತಿ, ಹೊರಗ ಬಾ ಎಂದು ಗಟ್ಟಿಯಾಗಿ ಹೇಳುತ್ತೇನೆ. ಇದು ಬಹಳ ಸಲ ಬರುತ್ತದೆ, ಆದ್ದರಿಂದಲೇ ಇದರ ಮೇಲೆ ಅನುಮಾನ. ಇನ್ನೊಂದರಲ್ಲಿ, ಗೊತ್ತಿಲ್ಲ ಅಣ್ಣಾ, ಆದ್ರೂ ಬಾ ಎನ್ನುತ್ತೇನೆ. ಮೂರನೆಯದು ನನ್ನದಲ್ಲ, ವೈನಿಯದು. ನಾನು ಏನೂ ಹೇಳಲಿಲ್ಲವಂತೆ. ಫೋನು ಬಂದ್ ಆಯಿತೇನೋ ಎಂದು ಅವರು ಕಿವಿಯಿಂದ ತೆಗೆದು ನೋಡಿದರಂತೆ, ಆಗಿರಲಿಲ್ಲ. ನಾನು ಆ ಕಡೆ ಉಸಿರಾಡುತ್ತಿದ್ದೆನಂತೆ.

ನಾನು ಹೇಳಿದೆನೋ ಇಲ್ಲವೋ, ಅಣ್ಣ ಹತ್ತಲಿಲ್ಲ. ಪಾನ ಕಬ್ಬಿಣಕ್ಕೆ ತಾಗಿದ ಸಪ್ಪಳ ಮತ್ತೆ ಶುರುವಾಯಿತು. ಮೇಡಮ್ ನನ್ನ ಬೆನ್ನಹಿಂದೆ ಬಂದು ನಿಂತಿದ್ದರು; ಅವರ ಕೈ ನನ್ನ ಕುರ್ಚಿಯ ಮೇಲಿತ್ತು.

ಆಮೇಲೆ ವೈನಿಯ ದನಿ, ಫೋನಿಗಲ್ಲ, ಕೆಳಕ್ಕೆ. ಅವರು ಕೂಗಲಿಲ್ಲ. ಮನೆಯಲ್ಲಿ ಊಟಕ್ಕೆ ಕರೆಯುವಾಗ ಇರುವ ದನಿಯೇ.

"ನೀವ ಮ್ಯಾಲ ಬರ್ರಿ. ಇಲ್ಲಂದ್ರ ನಾ ಇಳೀತೇನಿ."

ಹೇಳಿ, ಫೋನನ್ನು ಕಟ್ಟೆಯ ಮೇಲಿಟ್ಟರು. ಕಲ್ಲಿಗೆ ತಾಗಿದ ಸಣ್ಣ ಸಪ್ಪಳ. ಕಬ್ಬಿಣದ ಮೇಲೆ ಬಳೆಯ ಸಪ್ಪಳ. ವೈನಿ ಜಾಕ್‌ವೆಲ್ಲಿನೊಳಗೆ ಎಂದೂ ಇಳಿದವರಲ್ಲ. ಅವರಿಗೆ ಮಾಳಿಗೆಯ ಅಂಚಿಗೆ ಹೋದರೂ ತಲೆ ತಿರುಗುತ್ತದೆ. ಕೆಳಗಿನಿಂದ ಅಣ್ಣ ಏ, ಏ, ನಿಂದರು, ಇಳೀಬ್ಯಾಡ, ಕೈ ಬಿಡಬ್ಯಾಡ ಅನ್ನುತ್ತಿದ್ದ. ಅವನ ದನಿಯಲ್ಲಿ ಹೆದರಿಕೆ ಕೇಳಿದ್ದು ಅದೇ ಮೊದಲು. ಆಮೇಲೆ ಭಾರವಾದ ಹೆಜ್ಜೆ ಕಬ್ಬಿಣದ ಮೇಲೆ. ಆಮೇಲೆ ಫೋನಿನಲ್ಲಿ ಏನೂ ಇಲ್ಲ. ನಿಂತುಹೋಗಿತ್ತು.

ಎಷ್ಟು ಹೊತ್ತು ಎಂದು ಕೇಳಬೇಡಿ. ಆ ಹೊತ್ತಿನಲ್ಲಿ ನಾನು ಮತ್ತೆ ಮತ್ತೆ ಹಚ್ಚಿದೆ. ಆ ಹೆಣ್ಣುದನಿ ಮತ್ತೆ ಮತ್ತೆ ಅದೇ ಸಮಾಧಾನದಿಂದ ಮಾತಾಡಿತು. ನನಗೆ ಅವಳನ್ನು ಹೊಡೆಯಬೇಕೆನ್ನಿಸಿತು. ಇಬ್ಬರನ್ನೂ ನಾನೇ ಅಲ್ಲಿಗೆ ಕಳಿಸಿದೆ ಎಂದು ಒಂದು ವಾಕ್ಯ ತಲೆಯಲ್ಲಿ ತಿರುಗುತ್ತಿತ್ತು. ಅಣ್ಣನನ್ನು ಕಳಿಸಿದ್ದು ಹಳೆಯ ಲೆಕ್ಕ, ವೈನಿಯನ್ನು ಹೊಸ ಲೆಕ್ಕ. ಕರೋಶಿಯವನು ನೀರಿನ ಲೋಟ ಮುಂದಿಟ್ಟ. ಅದರೊಳಗೆ ನೋಡಲಾರದೆ ಆಚೆ ಸರಿಸಿದೆ.

ಅಣ್ಣನೇ ಫೋನು ಮಾಡಿದ, ಯಾರದೋ ನಂಬರಿನಿಂದ. ವೈನಿಯ ಫೋನು ಬಾವಿಗೆ ಬಿದ್ದಿದೆ ಎಂದ. ಮೊದಲ ಮಾತು ಅದೇ. ತಾನು ಮೇಲೆ ಬಂದಿದ್ದೇನೆ ಎಂದು ಅವನು ಹೇಳಲೇ ಇಲ್ಲ, ದನಿಯಿಂದ ತಿಳಿದುಕೊಳ್ಳಬೇಕಾಯಿತು.

ಇದು ಕಥೆಯಾಗಿದ್ದರೆ ಮಧ್ಯಾಹ್ನಕ್ಕೆ ಸರಿಯಾಗಿ ನೀರು ಬರಬೇಕಿತ್ತು. ಬರಲಿಲ್ಲ. ಮಧ್ಯಾಹ್ನ ಕಳೆಯಿತು, ಮೋಟರ್ ಕಟ್ಟೆ ಒಣಗಿಯೇ ಇತ್ತು. ಅಣ್ಣ ದಂಡೆಯ ಮೇಲೆ ಕೂತು ನನಗೆ ಫೋನು ಹಚ್ಚಿ, ಮತ್ತೆ ಇಳಿಯುತ್ತೇನೆ ಎಂದ. ಬೇಡ ಎಂದೆ. ಬಾಳ ಶಾಣ್ಯಾಕಿ ಆಗೀ ಎಂದು ಬೈದ. ವೈನಿ ಅವನ ಅಂಗಿ ಹಿಡಿದು ಕೂತಿದ್ದರಂತೆ. ನೀರು ಬಂದದ್ದು ಅದೇ ದಿನ ಹೊತ್ತು ಮುಳುಗುವ ಮುಂಚೆ, ಎರಡೂ ಲೆಕ್ಕ ಹೇಳದ ಹೊತ್ತಿನಲ್ಲಿ. ಮೊದಲು ಬಾವಿಯ ತಳ ಗುಳುಗುಳು ಅಂತ ಮಾತಾಡಿತಂತೆ, ಆಮೇಲೆ ಮೋಟರು ಕಾಣಲಿಲ್ಲವಂತೆ, ಆಮೇಲೆ ನಿಚ್ಚಣಿಕೆಯ ತುದಿ ಮಾತ್ರ.

ಹೊಳೆ ಇಳಿದ ಮೇಲೆ ಮೇಡಮ್ ನಿಯಮ ತಿದ್ದಿದರು. ಹಳೆಯದನ್ನು ನಿಲ್ಲಿಸಿ, ಅದನ್ನು ಯಾರೂ ಕರೆಯುತ್ತಿಲ್ಲವೆಂದು ಖಚಿತವಾದ ಮೇಲಷ್ಟೇ ಅದರ ಹೆಸರು ಹೊಸದಕ್ಕೆ. ಆ ವಿಷಯ ಅಲ್ಲಿಗೆ ಮುಗಿಯಿತು ಎಂದು ಆಫೀಸಿನವರು ಹೇಳುತ್ತಾರೆ.

ಅಣ್ಣ ಇವತ್ತಿಗೂ ಒಪ್ಪುವುದಿಲ್ಲ. ಸುಮ್ಮನೆ ಬಿಟ್ಟಿದ್ದರೆ ಉಳಿದ ಬೋಲ್ಟು ಬಿಚ್ಚಿ, ಮೋಟರು ಎಳೆದುಕೊಂಡು, ನೀರು ಬರುವ ಮೊದಲೇ ಮನೆಯಲ್ಲಿ ಚಹಾ ಕುಡಿಯುತ್ತಿದ್ದೆ ಎನ್ನುತ್ತಾನೆ. ಇರಬಹುದು. ಕೊನೆಯ ಬೋಲ್ಟು ತುಕ್ಕು ಹಿಡಿದಿತ್ತು, ಅದರ ಮುಂದೆಯೇ ಕೂತಿರುತ್ತಿದ್ದರು ಎನ್ನುತ್ತಾರೆ ವೈನಿ. ಅದೂ ಇರಬಹುದು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುತ್ತೇನೆ, ಯಾವುದನ್ನೂ ಓಡಿಸಿ ನೋಡಲಾಗುವುದಿಲ್ಲ.

ಈಗ ಅವನು ಮೆಸೇಜು ಓದುವುದಿಲ್ಲ. ಮಳೆಗಾಲ ಬಂತೆಂದರೆ ಬಾಯಿಕಟ್ಟೆಯ ಮೇಲೆ ನಿಂತು ನನಗೆ ಫೋನು ಹಚ್ಚುತ್ತಾನೆ. ಲೆಕ್ಕ ಏನನ್ನುತ್ತದೆ ಎಂದು ಕೇಳುವುದಿಲ್ಲ.

"ಇಳೀಲೇನು ತಂಗಿ?" ಅನ್ನುತ್ತಾನೆ. ಅಷ್ಟೇ.

ನಾನು ಓಡಿಸಿ ನೋಡುತ್ತೇನೆ, ತೆರೆದು ಸಾಲುಸಾಲು ಓದುತ್ತೇನೆ, ಕೊಗನೊಳ್ಳಿಯ ಗೆರೆ ನೋಡುತ್ತೇನೆ. ಅವನು ಆ ಕಡೆ ಕಾಯುತ್ತಿರುತ್ತಾನೆ, ಅವಸರ ಮಾಡುವುದಿಲ್ಲ, ಬೀಡಿ ಹಚ್ಚಿದ ಸಪ್ಪಳ ಕೇಳುತ್ತದೆ. ಇಳಿ ಅನ್ನಲು ಬಾಯಿ ತೆರೆಯುತ್ತೇನೆ. ಹಿಂದೆ ಅವನು ನಂಬಿದ್ದು ಒಂದು ಮೆಸೇಜನ್ನು, ತಪ್ಪಾದರೆ ತಿದ್ದಲು ನಾನಿದ್ದೆ. ಈಗ ನನ್ನ ಹಿಂದೆ ಯಾರೂ ಇಲ್ಲ.